ಮಗಳಿಗೊಂದು ಪತ್ರ: ಆ ಬಿಲ್ಲು ಯಾಕೆ ಮುರಿಯಿತು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಚಿನ್ನು ಕೇಳಿದಳಲ್ಲ, "ಅಜ್ಜ, ನನ್ನ ಬಿಲ್ಲು ಯಾಕೆ ಮುರೀತು?" ಅಂತ. ನಾನು "ಮರ ಸರಿ ಇರಲಿಲ್ಲ ಕಣೇ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಮರ ಸರಿ ಇರಲಿಲ್ಲ, ನಿಜ. ಆದರೆ ಸರಿ ಇಲ್ಲ ಅಂತ ಗೊತ್ತಿದ್ದೂ ಅದನ್ನೇ ಎತ್ತಿಕೊಂಡವನು ನಾನು. ಇದನ್ನು ಫೋನಿನಲ್ಲಿ ಹೇಳಲು ಹೊರಟರೆ ನೀನು "ಹೋಗ್ಲಿ ಬಿಡಪ್ಪ" ಅಂತ ಮುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹೇಗೂ ಅವಳಿಗೆ ಇನ್ನೊಂದು ಬಿಲ್ಲು ಬೇಕಂತೆ. ನಾನು ಊರಿಗೆ, ಸಾಗರಕ್ಕೆ ಬಂದು ಕೂತಿದ್ದೇನೆ. ಮಿಷಿಗನ್‌ನಲ್ಲಿ ಇರುವವಳು ನೀನು, ನೀನೇ ಮಾಡಬೇಕು.

ಅಂಗಡಿಗೆ ಹೋದ ದಿನ ನೆನಪಿದೆಯಾ? ಕೆಂಪು ಓಕ್ ಹಲಗೆ ನಿಲ್ಲಿಸಿದ್ದ ಕಡೆ ನಾನು ಒಂದೊಂದೇ ಎಳೆದು ನೋಡುತ್ತಿದ್ದೆ. ಚಿನ್ನುವಿನ ಈಜು ತರಗತಿಗೆ ಹೊತ್ತಾಗಿತ್ತು. ನೀನು ಎರಡು ಸಲ ಗಡಿಯಾರ ನೋಡಿದೆ. ನನಗೂ ಸಂಕೋಚ. ಇಲ್ಲಿ ಸಾಮಿಲ್ಲಿನಲ್ಲಿ ರಾಶಿಯೆಲ್ಲ ಕೆಡವಿಸಿ ಮರ ಆರಿಸಿದವನು, ಅಲ್ಲಿ ಮಾತ್ರ "ಈ ಮುದುಕ ಏನು ಮಾಡ್ತಿದಾನೆ" ಅಂತ ಯಾರಾದರೂ ಅಂದುಕೊಂಡಾರು ಅನ್ನಿಸಿಬಿಟ್ಟಿತು. ಕೈಗೆ ಸಿಕ್ಕ ಒಂದನ್ನು ಎತ್ತಿಕೊಂಡೆ. ಅದರ ನಾರಿನ ಗೆರೆ ಪಕ್ಕಕ್ಕೆ ಓಡಿದ್ದು ಕಣ್ಣಿಗೆ ಬಿದ್ದಿತ್ತು. ಮಕ್ಕಳ ಬಿಲ್ಲು ತಾನೇ, ನಡೆಯುತ್ತೆ ಅಂದುಕೊಂಡೆ.

ನಲವತ್ತು ವರ್ಷ ಬಾಗಿಲು, ಕಿಟಕಿ, ಮಂಚ ಮಾಡಿದ ಕೈ ಇದು. ಅಲ್ಲೆಲ್ಲ ಮರ ಬಾಗಬಾರದು, ಅಷ್ಟೇ. ಬಾಗಿಲ ಚೌಕಟ್ಟಿನ ಗೆರೆ ಸ್ವಲ್ಪ ಓರೆ ಇದ್ದರೆ ಪಾಲಿಶ್ ಹೊಡೆದಾಗ ಇನ್ನೂ ಚಂದ ಕಾಣುತ್ತದೆ. ಬಿಲ್ಲು ಹಾಗಲ್ಲ. ಅದರ ಗುರಿ ಕಡೆಯ ಮುಖಕ್ಕೆ ಬೆನ್ನು ಅನ್ನೋಣ, ಎಳೆಯುವವರ ಕಡೆಯ ಮುಖಕ್ಕೆ ಹೊಟ್ಟೆ. ಹೆದೆ ಎಳೆದಾಗ ಹೊಟ್ಟೆಯ ಕಡೆ ನಾರು ಒತ್ತಿಕೊಳ್ಳುತ್ತದೆ, ಬೆನ್ನಿನ ಕಡೆ ನಾರು ಹಿಗ್ಗುತ್ತದೆ. ಹೊಟ್ಟೆ ಸೋತರೆ ಬಿಲ್ಲು ಸ್ವಲ್ಪ ಬಾಗಿಕೊಂಡೇ ಉಳಿಯುತ್ತದೆ, ಹೊಡೆತ ಕಮ್ಮಿಯಾಗುತ್ತದೆ. ಬೆನ್ನು ಸೋತರೆ ಫಟ್ ಅಂತ ಎರಡು ತುಂಡು. ನಾರು ಈ ತುದಿಯಿಂದ ಆ ತುದಿಗೆ ಕಡಿಯದೆ ಹೋಗಿದ್ದರೆ ಹಿಗ್ಗುತ್ತದೆ. ಮಧ್ಯದಲ್ಲೇ ಅಂಚಿಗೆ ಬಂದು ಮುಗಿದಿದ್ದರೆ, ಅಲ್ಲಿಂದಲೇ ಎದ್ದು ಬರುತ್ತದೆ.

ನಾವು ಸಣ್ಣವರಿದ್ದಾಗ ಅಡಿಕೆ ದಬ್ಬೆಯಲ್ಲಿ ಬಿಲ್ಲು ಮಾಡುತ್ತಿದ್ದೆವು. ಅಳತೆ ಇಲ್ಲ, ಏನಿಲ್ಲ. ಕತ್ತಿಯಲ್ಲಿ ಒಂದಿಷ್ಟು ಹೆರೆದು, ಸಣಬಿನ ಹುರಿ ಬಿಗಿದು, ಹಿಡಿಕಡ್ಡಿ ಬಾಣ ಹೂಡಿದರೆ ಆಯಿತು. ಅದು ಮುರಿದ ನೆನಪೇ ಇಲ್ಲ. ಯಾಕೆ ಅಂತ ಮೊನ್ನೆ ತೋಟದಲ್ಲಿ ದಬ್ಬೆ ಸೀಳುವಾಗ ಹೊಳೆಯಿತು. ದಬ್ಬೆ ಸೀಳಿದ್ದು. ಸೀಳು ನಾರು ಹೋದ ಕಡೆಯೇ ಹೋಗುತ್ತದೆ. ಹಲಗೆ ಕೊಯ್ದದ್ದು. ಗರಗಸ ನಾರನ್ನು ಕೇಳಿಕೊಂಡು ಹೋಗುವುದಿಲ್ಲ. ಅದರ ಪಾಡಿಗೆ ಅದು ನೆಟ್ಟಗೆ ಕೊಯ್ಯುತ್ತದೆ, ನಾರು ಎಲ್ಲಿ ಬೇಕಾದರೂ ತುಂಡಾಗಲಿ. ಎಲ್ಲೋ ಅಪ್ಪಿತಪ್ಪಿ ಗರಗಸವೂ ನಾರೂ ಜೊತೆಗೇ ಹೋದ ಹಲಗೆ ಇರುತ್ತದೆ. ನೀನು ಹುಡುಕಬೇಕಾದ್ದು ಅದನ್ನು.

ಅಗಲದ ಮುಖ ಮೊದಲು ನೋಡು. ಗೆರೆಗಳು ಉದ್ದಕ್ಕೂ ನೆಟ್ಟಗಿರಬೇಕು. ಆಮೇಲೆ ಹಲಗೆ ತಿರುಗಿಸಿ ಬದಿ ನೋಡು, ಅಲ್ಲೂ ಹಾಗೇ ಇರಬೇಕು. ನಾನು ಬಿಟ್ಟದ್ದು ಇದನ್ನೇ. ಗಂಟು ಇದ್ದರೆ ಬೇಡ, ಕಡಲೆಕಾಳಿನಷ್ಟಿದ್ದರೂ ಬೇಡ. ಮೂವತ್ತು ಹಲಗೆ ಎಳೆದರೂ ಒಂದೂ ಸಿಗದಿದ್ದರೆ ಬರಿಗೈಲಿ ವಾಪಸು ಬಾ. ಯಾರು ಏನು ಅಂದುಕೊಂಡರೂ ಪರವಾಗಿಲ್ಲ. ಹಿಕರಿ ಸಿಕ್ಕರೆ ಕಣ್ಣು ಮುಚ್ಚಿ ತಗೋ. ಅಲ್ಲ, ಕಣ್ಣು ಬಿಟ್ಟೇ ತಗೋ! ಕೊಡಲಿ, ಸುತ್ತಿಗೆಗೆಲ್ಲ ಅದರದ್ದೇ ಕಾವು ಹಾಕುತ್ತಾರೆ, ಅಷ್ಟು ಗಟ್ಟಿ. ಮೇಪಲ್ ಕೂಡ ಒಳ್ಳೆಯದೇ, ಆದರೆ ಅದರ ಗೆರೆ ಕಾಣುವುದು ಕಷ್ಟ. ಮೊದಲ ಸಲಕ್ಕೆ ಕೆಂಪು ಓಕೇ ಇರಲಿ, ಗೆರೆ ಢಾಳಾಗಿ ಕಾಣುತ್ತದೆ.

ಕೆಂಪೋ ಬಿಳಿಯೋ ಅಂತ ಅನುಮಾನ ಬಂದರೆ ಚಿನ್ನುವನ್ನು ಕೇಳು. ಅವಳಿಗೆ ತೋರಿಸಿಕೊಟ್ಟಿದ್ದೇನೆ. ತುಂಡಿನ ಒಂದು ತುದಿಯನ್ನು ಸೋಪಿನ ನೀರಿಗೆ ಅದ್ದಿ ಇನ್ನೊಂದು ತುದಿಯಿಂದ ಊದಿದರೆ ಕೆಂಪು ಓಕಿನಲ್ಲಿ ಗುಳ್ಳೆ ಬರುತ್ತದೆ. ಅದರ ಕೊಳವೆಗಳೆಲ್ಲ ತೆರೆದಿರುತ್ತವೆ. ಬಿಳಿ ಓಕಿನಲ್ಲಿ ಅವು ಮುಚ್ಚಿರುತ್ತವೆ. ಅದಕ್ಕೇ ಪೀಪಾಯಿ ಮಾಡುವುದು ಬಿಳಿ ಓಕಿನಲ್ಲಿ. ಕೆಂಪಿನಲ್ಲಿ ಮಾಡಿದರೆ ಸೋರಿಹೋಗುತ್ತದೆ. ಅವತ್ತು ಅವಳು ಬಿಲ್ಲನ್ನೇ ಮರೆತು ಅರ್ಧ ಗಂಟೆ ಗುಳ್ಳೆ ಊದಿದಳು.

ಇನ್ನು ಅಳತೆ. ಅಲ್ಲಿ ಒಂದಕ್ಕೆ ಎರಡಿಂಚು ಅಂತ ಚೀಟಿ ಹಚ್ಚಿ ಮಾರುತ್ತಾರಲ್ಲ, ಟೇಪ್ ಹಿಡಿದರೆ ಅದು ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ. ಹೇಳುವುದೊಂದು, ಕೊಡುವುದೊಂದು. ಇರಲಿ, ನಮಗೆ ಅದೇ ಸಾಕು. ಚಿನ್ನು ನಾಲ್ಕಡಿ ಚಿಲ್ಲರೆ ಇದ್ದಾಳೆ, ಬಿಲ್ಲೂ 4 ಅಡಿ ಇರಲಿ. ನಡುವೆ 4 ಇಂಚು ಹಿಡಿಕೆ, ಅಲ್ಲಿ ಪೂರ್ತಿ 6 ನೂಲು (ಇಂಚಿಗೆ ಎಂಟು ನೂಲು) ದಪ್ಪ ಬಿಡು. ಹಿಡಿಕೆಯ ಎರಡೂ ಕಡೆ 2 ಇಂಚಿನೊಳಗೆ ನಿಧಾನಕ್ಕೆ ಇಳಿಸುತ್ತಾ 3 ನೂಲಿಗೆ ತಂದು ನಿಲ್ಲಿಸು. ತೆಗೆಯುವುದೆಲ್ಲ ಹೊಟ್ಟೆಯ ಕಡೆಯಿಂದ. ಬೆನ್ನಿಗೆ ಹತ್ತರಿ ತಾಗಿಸಲೇಬೇಡ, ಅದು ಹಾಗೇ ಇರಲಿ. ಹಿಡಿಕೆಯ ಆಚೀಚೆ ಬಾಗುವ ಭಾಗಗಳಿಗೆ ರೆಕ್ಕೆ ಅನ್ನೋಣ. ಅಗಲ ರೆಕ್ಕೆಯ ಅರ್ಧದವರೆಗೆ ಒಂದೂವರೆ ಇಂಚು, ಅಲ್ಲಿಂದ ತುದಿಗೆ ಅರ್ಧ ಇಂಚಿಗೆ ಇಳಿಯಲಿ. ಕೊನೆಕೊನೆಗೆ ದಪ್ಪ ಎರಡು ನೂಲಿನ ಆಸುಪಾಸಿಗೆ ಬಂದೀತು. ಆ ಅಳತೆಯನ್ನೂ ನಂಬಬೇಡ. ಒಂದೊಂದು ಮರ ಒಂದೊಂದು ಥರ.

ದಪ್ಪದ ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅಗಲ ಅರ್ಧ ಮಾಡಿದರೆ ಬಿಗು ಅರ್ಧ ಆಗುತ್ತದೆ. ದಪ್ಪ ಅರ್ಧ ಮಾಡಿದರೆ ಎಂಟರಲ್ಲೊಂದು ಪಾಲಾಗುತ್ತದೆ. ಹತ್ತರಲ್ಲಿ ಒಂದು ಪಾಲು ದಪ್ಪ ಕೆರೆದರೂ ಕಾಲು ಭಾಗಕ್ಕಿಂತ ಜಾಸ್ತಿ ಬಿಗು ಹೋಗುತ್ತದೆ. ನಿನ್ನ ಕಾಲೇಜಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಿರಬೇಕು. ನನಗೆ ಕಲಿಸಿದ್ದು ಕಪಾಟಿನ ಜೋತುಬಿದ್ದ ಹಲಗೆಗಳು.

ಈಗ ಮುಖ್ಯವಾದದ್ದು. ಇದಕ್ಕೆ ಎರಡು ದಿನ ಹಿಡಿದರೂ ಹಿಡಿಯಲಿ. ಒಂದು ಕೋಲಿನ ತಲೆಯಲ್ಲಿ ಕಚ್ಚು ಮಾಡಿ ಅದರಲ್ಲಿ ಬಿಲ್ಲಿನ ಹಿಡಿಕೆ ಕೂರಿಸು. ಕೋಲಿನ ಉದ್ದಕ್ಕೆ ಇಂಚು ಇಂಚಿಗೂ ಹಗ್ಗ ಸಿಕ್ಕಿಸಲು ಕಚ್ಚು ಹಾಕು. ಬಿಲ್ಲಿಗೆ ಮೊದಲು ಸಡಿಲವಾದ ಉದ್ದದ ಹಗ್ಗ ಕಟ್ಟಿ, ನಾಲ್ಕಿಂಚು ಎಳೆದು ಸಿಕ್ಕಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡು. ಹತ್ತಿರ ನಿಂತರೆ ಏನೂ ಕಾಣುವುದಿಲ್ಲ. ಎರಡೂ ರೆಕ್ಕೆ ಒಂದೇ ಥರ ಬಾಗುತ್ತಿದೆಯಾ? ಎಲ್ಲಾದರೂ ಕೋಲು ಇಟ್ಟ ಹಾಗೆ ಸೆಟೆದು ನಿಂತಿದೆಯಾ? ಎಲ್ಲಾದರೂ ಮೊಣಕೈ ಥರ ಮಡಚಿದೆಯಾ? ಮಡಚಿದ ಜಾಗ ಕಂಡ ಕೂಡಲೇ ಅದನ್ನು ಸರಿಮಾಡೋಣ ಅಂತ ಕೈ ಅಲ್ಲಿಗೇ ಹೋಗುತ್ತದೆ. ಹೋಗಬಾರದು. ಅಲ್ಲಿ ಪೆನ್ಸಿಲಿನಲ್ಲಿ ಒಂದು ಇಂಟು ಗುರುತು ಹಾಕಿ ಸುಮ್ನೆ ಬಿಟ್ಟುಬಿಡು. ಕೆರೆಯಬೇಕಾದ್ದು ಸೆಟೆದ ಕಡೆ.

ಕೆರೆಯುವುದೆಂದರೆ ಅರದಲ್ಲಿ ನಾಲ್ಕು ಎಳೆತ, ಜಾಸ್ತಿ ಅಲ್ಲ. ಆಮೇಲೆ ಮೂವತ್ತು ಸಲ ಮೆಲ್ಲಗೆ ಎಳೆದು ಬಿಡು. ತೆಗೆದದ್ದು ಏನು ಮಾಡಿದೆ ಅಂತ ಮರ ಆಗ ತೋರಿಸುತ್ತದೆ. ಮತ್ತೆ ಹಿಂದೆ ಸರಿದು ನೋಡು. ಎಷ್ಟು ಬಲ ಬೇಕಾಗುತ್ತಿದೆ ಅಂತ ನೋಡಲು ಸೂಟ್‌ಕೇಸ್ ತೂಗುವ ಕೈತಕ್ಕಡಿ ಇದೆಯಲ್ಲ, ನಾನು ಹೊರಡುವ ದಿನ 23 ಕೆಜಿ ಆಗಿದೆಯೋ ಇಲ್ಲವೋ ಅಂತ ನೀವೆಲ್ಲ ಜಗಳ ಆಡಿದ್ದು, ಅದನ್ನು ಹೆದೆಗೆ ಸಿಕ್ಕಿಸು. ಎಂಟು ವರ್ಷದ ಹುಡುಗಿಗೆ 5 ಕೆಜಿ ಸಾಕು. ತಕ್ಕಡಿ 5 ಕೆಜಿ ತೋರಿಸಿದ ಕಡೆ ಎಳೆಯುವುದನ್ನು ನಿಲ್ಲಿಸು, ಅದು ಬರೀ 6 ಇಂಚಿಗೇ ತೋರಿಸಿದರೂ ಸರಿ. ಮತ್ತೆ ಕೆರೆ, ಮತ್ತೆ ಎಳೆ. ಹೀಗೆ 18 ಇಂಚಿನವರೆಗೆ ಬರಬೇಕು. ಅವಳ ಕೈಗೆ ಅದಕ್ಕಿಂತ ಜಾಸ್ತಿ ಬೇಡ.

ಇಲ್ಲಿ ಇನ್ನೊಂದು ಹೇಳಬೇಕು. ಆ ಬಿಲ್ಲು ಮುರಿದದ್ದು 14ನೇ ಇಂಚಿಗೆ. ಚಿನ್ನು ನನ್ನ ಹಿಂದೆಯೇ ನಿಂತಿದ್ದಳು. ಒಂದು ಚಕ್ಕೆ ಹಾರಿ ನನ್ನ ಕನ್ನಡಕಕ್ಕೆ ಬಡಿದು ಗೀರು ಬಿತ್ತು. ನಿನಗೆ ಗೋಡೆಗೆ ತಾಗಿತು ಅಂದಿದ್ದೆ. ಅಳಿಯಂದಿರು ಹೊಸ ಗಾಜು ಹಾಕಿಸಿಕೊಟ್ಟರು, ಅವರಿಗೂ ಅದೇ ಹೇಳಿದೆ. ಕನ್ನಡಕ ಇಲ್ಲದಿದ್ದರೆ? ಅವಳು ಪಕ್ಕದಲ್ಲಿ ನಿಂತಿದ್ದರೆ? ನಿದ್ದೆ ಕೆಟ್ಟದ್ದು ಅದಕ್ಕೆ. ನೀನು ಎಳೆಯುವಾಗ ಗ್ಯಾರೇಜಿನಲ್ಲಿ ನೇತುಹಾಕಿರುವ ದೊಡ್ಡ ಕನ್ನಡಕ ಹಾಕಿಕೋ. ಬಾಗು ತಿದ್ದಿ ಮುಗಿಯುವವರೆಗೆ ಅವಳನ್ನು ಬಾಗಿಲ ಆಚೆ ನಿಲ್ಲಿಸು. ಅತ್ತರೂ ಸರಿ. ಬೆನ್ನಿಗೆ ಹಳೇ ರೇಷ್ಮೆ ಬಟ್ಟೆಯನ್ನೋ ಲಿನನ್ ಬಟ್ಟೆಯನ್ನೋ ಮರದ ಅಂಟಿನಲ್ಲಿ ಬಿಗಿಯಾಗಿ ಅಂಟಿಸಿದರೆ ಚಕ್ಕೆ ಏಳುವುದನ್ನು ಅದು ಸ್ವಲ್ಪ ಹಿಡಿದಿಡುತ್ತದೆ. ಆದರೆ ಬಟ್ಟೆ ಇದೆಯಲ್ಲ ಅಂತ ಓರೆ ಗೆರೆಯ ಹಲಗೆ ತರಬೇಡ.

ಉಳಿದದ್ದು ಸಣ್ಣಪುಟ್ಟ ಕೆಲಸ. ಬೆನ್ನಿನ ಎರಡೂ ಅಂಚನ್ನು ಉಪ್ಪುಕಾಗದದಲ್ಲಿ ದುಂಡಗೆ ಮಾಡು, ಚೂಪು ಅಂಚಿನಿಂದಲೇ ಚಕ್ಕೆ ಏಳುವುದು. ಇದನ್ನು ಬಾಗು ತಿದ್ದುವುದಕ್ಕೆ ಮುಂಚೆಯೇ ಮಾಡಿಬಿಡು. ತುದಿಗಳಲ್ಲಿ ಹೆದೆ ಕೂರುವ ಕಚ್ಚನ್ನೂ ಆಗಲೇ ಗುಂಡು ಅರದಲ್ಲಿ ಬದಿಗಳಲ್ಲಿ ಮಾತ್ರ ಓರೆಯಾಗಿ ತೆಗೆ, ಬೆನ್ನಿನ ಮೇಲೆ ಬೇಡ. ಹೆದೆಗೆ ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ದಾರ. ನೈಲಾನ್ ಬೇಡ, ಅದು ಎಳೆದಷ್ಟೂ ಉದ್ದವಾಗುತ್ತದೆ. ಹೆದೆ ಏರಿಸಿದಾಗ ಹಿಡಿಕೆಗೂ ಹೆದೆಗೂ ನಡುವೆ ನಾಲ್ಕೈದು ಇಂಚು ಇರಲಿ. ಬಾಣದ ಮೂತಿಗೆ ರಬ್ಬರ್ ಟೋಪಿ. ಬಾಣ ಹೂಡದೆ ಬರೀ ಹೆದೆ ಎಳೆದು ಬಿಡಬಾರದು ಅಂತ ಅವಳಿಗೂ ಹೇಳು, ಪಕ್ಕದ ಮನೆ ಹುಡುಗನಿಗೂ ಹೇಳು. ಬಾಣಕ್ಕೆ ಹೋಗಬೇಕಾದ ಏಟು ಬಿಲ್ಲಿಗೇ ಬೀಳುತ್ತದೆ. ಬಾಣ ಎಲ್ಲಿ ಬೀಳುತ್ತದೆ ಅಂತ ಗೊತ್ತಿಲ್ಲದೆ ಆಕಾಶಕ್ಕಂತೂ ಬಿಡಲೇಬಾರದು.

ಕೊನೆಗೆ ಅಗಸೆ ಎಣ್ಣೆ ಒರೆಸು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡ, ಹೊರಗೆ ಬಿಡಿಸಿ ಒಣಗಿಸು. ಮುದ್ದೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನಮ್ಮ ಅಂಗಡಿಯ ಮೂಲೆಯಲ್ಲಿ ಒಂದು ಸಲ ಹೊಗೆ ಎದ್ದದ್ದು ನಿನಗೂ ನೆನಪಿರಬೇಕು, ಆಗ ನೀನು ಏಳನೇ ಕ್ಲಾಸು.

ಗ್ಯಾರೇಜಿನಲ್ಲಿ ಬಿಸಿನೀರಿನ ಹಂಡೆಯ ಹಿಂದೆ ಒಂದು ಗೋಣಿಚೀಲ ಇದೆ. ಅದರೊಳಗೆ ಮುರಿದ ಬಿಲ್ಲಿನ ಎರಡು ತುಂಡು ಇಟ್ಟಿದ್ದೇನೆ. ಬಿಸಾಡಿದೆ ಅಂದಿದ್ದೆ, ಬಿಸಾಡಿರಲಿಲ್ಲ. ಮುರಿದ ಜಾಗ ನೋಡು. ಅಡ್ಡಕ್ಕೆ ಮುರಿದಿಲ್ಲ, ಓರೆಯಾಗಿ ಸೀಳಿಕೊಂಡು ಹೋಗಿದೆ. ಬದಿಯ ಗೆರೆ ಹೋದ ದಾರಿಯೇ ಅದು. ಆ ಹಲಗೆಯಲ್ಲಿ ಇನ್ನೂ ನಾಲ್ಕಡಿ ಉಳಿದಿದೆ, ಹಂಡೆಗೇ ಒರಗಿಸಿದ್ದೇನೆ. ಅದರಲ್ಲಿ ಬಿಲ್ಲು ಮಾಡಬೇಡ. ಬಾಗು ನೋಡುವ ಕೋಲು ಮಾಡಿಕೋ, ಅದಕ್ಕೆ ಅದು ಧಾರಾಳ ಸಾಕು.

ಭಾನುವಾರ ಫೋನ್ ಮಾಡುವಾಗ ಆ ಎರಡು ತುಂಡು ಟೇಬಲ್ ಮೇಲಿರಲಿ. ಚಿನ್ನುವಿಗೆ ನೀನು ಏನೂ ಹೇಳಬೇಡ. ನಾನೇ ಹೇಳುತ್ತೇನೆ.

ನಿನ್ನ
ಅಪ್ಪ