ವಿಲ್ಕಿನ್ಸನ್ ಕೆಟಲಿಸ್ಟ್ ಇನ್ನು ಮುಂದೆ ಪುಡಿಯಾಗಿಯೇ ಬರುತ್ತದೆ

ಪ್ರಿಯ ಗ್ರಾಹಕರೇ, ನಮಸ್ಕಾರ.

ಆಲ್ಕೀನ್‌ಗೆ (ಇಂಗಾಲದ ಜೋಡಿ ಬಂಧವಿರುವ ಸಂಯುಕ್ತಕ್ಕೆ) ಹೈಡ್ರೋಜನ್ ಸೇರಿಸುವ ಕ್ರಿಯೆಗೆ ವೇಗ ಕೊಡುವ ವಿಲ್ಕಿನ್ಸನ್ ಕೆಟಲಿಸ್ಟನ್ನು ಮುಂದಿನ ತಿಂಗಳಿಂದ ಟಾಲುಯೀನ್‌ನಲ್ಲಿ ಕರಗಿಸಿ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಆರ್ಗಾನ್ ತುಂಬಿ ಸೀಲ್ ಮಾಡಿದ ಕಂದು ಬಾಟಲಿಯಲ್ಲಿ ಒಣ ಪುಡಿ ಬರುತ್ತದೆ. ಕರಗಿಸುವ ಕೆಲಸ ನಿಮಗೆ ಬಿತ್ತು. ಹಾಗಾಗಿ ಕಾರಣ ಹೇಳಲೇಬೇಕು, ಅಲ್ವಾ?

ಬಾಟಲಿಯ ತಳದಲ್ಲಿ ಗುಲಾಬಿ ಬಣ್ಣದ ಮಡ್ಡಿ ಕೂತಿದೆ ಎಂದು ಕೆಲವರು ಫೋನ್ ಮಾಡಿದ್ದಿರಿ. ತಪ್ಪು ನಮ್ಮದೇ, ಕ್ಷಮಿಸಿ. ಈ ಕೆಟಲಿಸ್ಟ್‌ನಲ್ಲಿ ಒಂದು ರೋಡಿಯಂ ಸುತ್ತ ಒಂದು ಕ್ಲೋರಿನ್, ಮೂರು ಟ್ರೈಫೀನೈಲ್‌ಫಾಸ್ಫೀನ್ ಇರುತ್ತವೆ. ಕರಗಿಸಿದಾಗ ಒಂದು ಫಾಸ್ಫೀನ್ ಎದ್ದು ಹೋಗುತ್ತದೆ. ಆಲ್ಕೀನ್ ಬಂದು ಕೂರಲು ಆ ಖಾಲಿ ಜಾಗ ಬೇಕೇ ಬೇಕು. ಆದರೆ ದ್ರಾವಣವನ್ನು ಬಹಳ ದಿನ ಸುಮ್ನೆ ಇಟ್ಟರೆ, ಜಾಗ ಖಾಲಿಯಾದ ಎರಡು ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಜೋಡಿ ಸರಿಯಾಗಿ ಕರಗುವುದಿಲ್ಲ. ನೀವು ಕಂಡ ಮಡ್ಡಿ ಅದೇ. ದುಬಾರಿ ರೋಡಿಯಂ ತಳದಲ್ಲಿ ಕೂತರೆ ಯಾರಿಗೆ ಲಾಭ?

ದಯವಿಟ್ಟು ಅಸಿಟೊನೈಟ್ರೈಲ್‌ನಲ್ಲಿ ಕರಗಿಸಬೇಡಿ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ, ಅದರ ನೈಟ್ರೋಜನ್ ಆ ಖಾಲಿ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಆಲ್ಕೀನ್ ನಿಂತೇ ಇರಬೇಕಾಗುತ್ತದೆ. ಪಿರಿಡೀನೂ ಹಾಗೆಯೇ. ಟಾಲುಯೀನ್ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಕೇಳಿದವರಿಗೆ ಬಿಟ್ಟುಕೊಡುತ್ತದೆ. ಅದಕ್ಕೆ ಎಥನಾಲ್ ಬೆರೆಸಿದರೆ ಕ್ರಿಯೆಯ ವೇಗ ಇನ್ನೂ ಜಾಸ್ತಿ. 1966ರಲ್ಲಿ ವಿಲ್ಕಿನ್ಸನ್ ತಂಡ ಬೆಂಜೀನ್‌ಗೆ ಎಥನಾಲ್ ಬೆರೆಸಿ ಇದನ್ನೇ ಕಂಡಿತ್ತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಅದು ನಿಮಗೆ ಬೇಡ. ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕಾಗುವುದರಿಂದ ನಾವು ಕಳಿಸುವುದಿಲ್ಲ.

ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ಎಂಬ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ಬಳಸುವವರು ಹೊಸ ಬಾಟಲಿಯನ್ನೇ ತೆಗೆಯಿರಿ. ಹಳೆಯದರಲ್ಲಿ ಪೆರಾಕ್ಸೈಡ್ ಕೂಡಿಕೊಂಡಿರುತ್ತದೆ, ಅದು ಫಾಸ್ಫೀನನ್ನು ಆಕ್ಸೈಡ್ ಮಾಡಿ ಹಾಕುತ್ತದೆ. ಸಾಲ್ವೆಂಟ್ ಯಾವುದೇ ಇರಲಿ, ಪುಡಿ ಹಾಕುವ ಮೊದಲು, ಅದರಲ್ಲಿ ಕರಗಿರುವ ಆಮ್ಲಜನಕ ಹೊರಹೋಗಲು, ಅರ್ಧ ಗಂಟೆ ನೈಟ್ರೋಜನ್ ಅನಿಲದ ಗುಳ್ಳೆ ಬಿಡಿ. ಆವತ್ತಿಗೆ ಬೇಕಾದಷ್ಟೇ ಕರಗಿಸಿ.

ತೂಕದ ಲೆಕ್ಕಕ್ಕೆ: ಅಣುತೂಕ ಸುಮಾರು 925. 10 ಮಿಲಿಮೋಲ್ ಆಲ್ಕೀನ್‌ಗೆ ಶೇಕಡಾ 1 ಮೋಲ್ ಎಂದರೆ 93 ಮಿಲಿಗ್ರಾಂ ಹತ್ತಿರ.

ನಿಮ್ಮಲ್ಲಿ ಉಳಿದಿರುವ ದ್ರಾವಣದ ಬಾಟಲಿಗಳನ್ನು ಎಸೆಯಬೇಡಿ, ಮಡ್ಡಿ ಕೂತಿದ್ದರೂ ಪರವಾಗಿಲ್ಲ. ನಮಗೆ ಫೋನ್ ಮಾಡಿ, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ. ಅಷ್ಟೇ ರೋಡಿಯಂ ಇರುವ ಪುಡಿಯನ್ನು ಹಣ ತೆಗೆದುಕೊಳ್ಳದೆ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ಘಟಕದ ಪರವಾಗಿ