ಹಳೆಯ ಪೋಸ್ಟರಿಗೆ ಲ್ಯಾಮಿನೇಷನ್ ಬೇಡ

ಮಾನ್ಯ ಸಂಪಾದಕರೇ,

ಹಳೆಯ ಪೋಸ್ಟರ್‌ಗಳಿಂದ ಮನೆ ಸಿಂಗರಿಸುವ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಆದರೆ ಲ್ಯಾಮಿನೇಷನ್ ಮಾಡಿಸಿದರೆ ಬಾಳಿಕೆ ಬರುತ್ತದೆ ಎಂಬ ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಿಸಬೇಡಿ. ಕಾಯಿಸಿ ಅಂಟಿಸಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಬಣ್ಣವೂ ಜೊತೆಗೇ ಎದ್ದು ಬರುತ್ತದೆ.

ನಾನು ಬೆಂಗಳೂರಿನ ಆಫ್‌ಸೆಟ್ ಪ್ರೆಸ್ಸೊಂದರಲ್ಲಿ 30 ವರ್ಷ ಮಷಿನ್ ಓಡಿಸಿದವನು. ಕಲಾ ಪ್ರದರ್ಶನಗಳ ಹಳೆಯ ಪೋಸ್ಟರ್ ಕೂಡಿಡುತ್ತೇನೆ. ಪ್ಯಾರಿಸ್‌ನ ಮಾಗ್ ಗ್ಯಾಲರಿಯಲ್ಲಿ 1950ರ ದಶಕದಲ್ಲಿ ನಡೆದ, ಚಿತ್ರಕಾರ ಮಾರ್ಕ್ ಶಗಾಲ್ ಪ್ರದರ್ಶನದ ಪೋಸ್ಟರನ್ನು ಮಗಳು ಅಲ್ಲಿಂದ ತಂದುಕೊಟ್ಟಳು. ಅಚ್ಚಾದದ್ದು ಮೂರ್ಲೋ ಪ್ರೆಸ್ಸಿನಲ್ಲಿ. 1945ರಲ್ಲಿ ಪಿಕಾಸೊ ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ಲಿಥೊಗ್ರಫಿ) ಕೆಲಸಕ್ಕೆ ಹೋಗಿ ಕೂತದ್ದೂ ಅಲ್ಲೇ. ಭೂತಗನ್ನಡಿ ಇಟ್ಟು ನೋಡಿದೆ. ನಾನು ದಿನಾ ನೋಡುತ್ತಿದ್ದ ಆಫ್‌ಸೆಟ್ ಅಚ್ಚಿನ ಸಾಲು ಸಾಲು ಚುಕ್ಕಿ ಒಂದೂ ಇಲ್ಲ! ಕಲ್ಲಿನ ಮೇಲೆ ಬಳಪ ಎಳೆದ ಹಾಗೆ ತರಿತರಿ ಗೆರೆ, ತುಂಬಿಕೊಂಡ ಗಟ್ಟಿ ಬಣ್ಣ. ಆಫ್‌ಸೆಟ್‌ನಲ್ಲೂ ಒಳ್ಳೆಯ ಪೋಸ್ಟರ್ ಬಂದಿವೆ, ಅದು ಬೇರೆ ಮಾತು. ಆದರೆ ಕಲ್ಲಚ್ಚು ಎಂದು ಹೇಳಿ ಮಾರುವಾಗ ಅಂಥ ಚುಕ್ಕಿ ಕಂಡರೆ ದುಡ್ಡು ಕೊಡಬೇಡಿ.

ಆ ಶಗಾಲ್ ಪೋಸ್ಟರಿಗೆ ಕಟ್ಟು ಹಾಕಿಸಲು ಕೊಟ್ಟೆ. ಅಂಗಡಿಯವರು ಫ್ರೇಮಿಗೆ ಹೊಂದಲಿ ಎಂದು ಕೆಳಗಿನ ಅಂಚನ್ನು ಒಂದು ಬೆರಳಗಲ ಕತ್ತರಿಸಿಬಿಟ್ಟರು. ಮೂರ್ಲೋ ಹೆಸರು ಇದ್ದದ್ದು ಆ ಅಂಚಿನಲ್ಲೇ, ಸಣ್ಣ ಅಕ್ಷರದ ಒಂದೇ ಸಾಲು. ಅಂಗಡಿಯ ಕಸದ ಬುಟ್ಟಿಯನ್ನೆಲ್ಲ ಹುಡುಕಿದೆ, ಸಿಗಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಂಚು ಖಾಲಿ ಜಾಗವಲ್ಲ, ಅದೂ ಪೋಸ್ಟರೇ ಅಲ್ವಾ?

ಮಡಿಕೆಯ ಗುರುತು ಕಂಡು ಹೆದರಬೇಕಿಲ್ಲ. ಎಷ್ಟೋ ಪೋಸ್ಟರ್‌ಗಳನ್ನು ಮಡಿಸಿಯೇ ಅಂಚೆಗೆ ಹಾಕುತ್ತಿದ್ದರು. ಮೂಲೆಯ ಪಿನ್ ತೂತೂ ಪರವಾಗಿಲ್ಲ. ಬಿಸಿಲಿಗೆ ಬಣ್ಣ ಮಾಸಿದ್ದರೆ ಮಾತ್ರ ಯಾರಿಂದಲೂ ಸರಿಮಾಡಲು ಆಗದು. ಸಾಮಾನ್ಯವಾಗಿ ಕೆಂಪು, ಹಳದಿ ಮೊದಲು ಹೋಗುತ್ತವೆ, ನೀಲಿ, ಕಪ್ಪು ಜಾಸ್ತಿ ದಿನ ನಿಲ್ಲುತ್ತವೆ. ಫ್ರೇಮಿನಿಂದ ಬಿಚ್ಚಿಸಿ, ಪಟ್ಟಿಯಡಿ ಮುಚ್ಚಿಕೊಂಡಿದ್ದ ಅಂಚನ್ನು ನಡುಭಾಗದ ಜೊತೆ ಹೋಲಿಸಿ ನೋಡಿ. ಹಿಂಬದಿ ನೋಡದೆ ಕೊಳ್ಳಲೇಬೇಡಿ. ಸೆಲ್ಲೋ ಟೇಪಿನ ಕಂದು ಕಲೆ, ಬೂಷ್ಟಿನ ಚುಕ್ಕೆ, ತೇಪೆ ಹಾಕಿದ ಹರಕು ಎಲ್ಲ ಅಲ್ಲಿ ಕಾಣುತ್ತವೆ.

ನಮ್ಮ ವೆಂಕಟಪ್ಪ ಆರ್ಟ್ ಗ್ಯಾಲರಿ, ಚಿತ್ರಕಲಾ ಪರಿಷತ್ತುಗಳಲ್ಲಿ ನಡೆದ ಪ್ರದರ್ಶನಗಳ ಪೋಸ್ಟರ್ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಸುರುಳಿ ಬಿಚ್ಚಿ, ಆಮ್ಲವಿಲ್ಲದ ಕಾಗದದ ನಡುವೆ ಮಟ್ಟಸವಾಗಿ ಇಡಿ. ಪ್ರದರ್ಶನ ನಡೆಸುವ ಕಲಾವಿದರೂ ಅಷ್ಟೇ, ಗೋಡೆಗೆ ಅಂಟಿಸುವ ಮೊದಲು ಎರಡು ಪ್ರತಿ ಎತ್ತಿಡಿ. ಕೆಳಗೆ ಪ್ರೆಸ್ಸಿನ ಹೆಸರನ್ನೂ ವರ್ಷವನ್ನೂ ಮರೆಯದೆ ಹಾಕಿಸಿ.

– ನಿವೃತ್ತ ಪ್ರೆಸ್ ಕೆಲಸಗಾರ, ಚಾಮರಾಜಪೇಟೆ, ಬೆಂಗಳೂರು