ಇಲ್ಲದ್ದನ್ನು ಮಾರುವ ಮುನ್ನ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಸಿಂಗಪುರದಲ್ಲಿ ಕರೆನ್ಸಿ ವಹಿವಾಟಿನ ಕೆಲಸಕ್ಕೆ ಸೇರಿದ್ದನ್ನು ತಿಳಿಸಿ, ಕೈಯಲ್ಲಿಲ್ಲದ್ದನ್ನು ಮಾರಿ, ಬೆಲೆ ಬಿದ್ದ ಮೇಲೆ ಕೊಂಡು ಲಾಭ ಮಾಡುವುದು ಅಧರ್ಮವೇ ಎಂದು ಕೇಳಿದ್ದೀಯೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ತಲೆ ನರೆತ ನನಗೆ, ಹೌದೆಂದು ಒಂದೇ ಮಾತಿನಲ್ಲಿ ಹೇಳಿಬಿಡಲು ಮನಸ್ಸು ಬಾರದು.

1997ರ ಥಾಯ್ಲೆಂಡನ್ನು ನೋಡು. ಡಾಲರಿಗೆ ಸುಮಾರು 25 ಬಾತ್ ಎಂಬ ದರವನ್ನು ಹಿಡಿದಿಡಲು ಅಲ್ಲಿನ ಕೇಂದ್ರ ಬ್ಯಾಂಕು ತನ್ನಲ್ಲಿದ್ದ ಡಾಲರುಗಳ ಬಹುಪಾಲನ್ನು ಮುಂಗಡ ಒಪ್ಪಂದಗಳಲ್ಲಿ, ಅಂದರೆ ಮುಂದೊಂದು ದಿನ ಕೊಡುತ್ತೇನೆಂದು ಇಂದೇ ದರ ಗೊತ್ತುಮಾಡಿ, ಮಾರಿಕೊಂಡಿದ್ದರೂ, ಖಜಾನೆ ತುಂಬಿದೆಯೆಂದೇ ಲೋಕಕ್ಕೆ ತೋರಿಸುತ್ತಿತ್ತು. ಬಾತ್ ಮಾರಿದವರು ಗೆದ್ದಲು ತಿಂದ ತೊಲೆಯನ್ನು ತಟ್ಟಿ ನೋಡಿದರು; ಗೆದ್ದಲು ಹಿಡಿಸಿದವರು ಅವರಲ್ಲ. ಜುಲೈ 2ರಂದು ದರವನ್ನು ಕೈಬಿಟ್ಟ ಮೇಲೆ, ಮರುವರ್ಷದ ಜನವರಿಯ ಹೊತ್ತಿಗೆ ಡಾಲರಿಗೆ 50 ಬಾತ್ ದಾಟಿತ್ತು.

ಹಾಂಗ್‌ಕಾಂಗಿನದು ಬೇರೆ ಕಥೆ. 1998ರಲ್ಲಿ ಸಿರಿವಂತರ ಹಣ ಹಿಡಿದು ದೊಡ್ಡ ಪಣ ಕಟ್ಟುವ ಕೆಲವು ಹೆಡ್ಜ್ ಫಂಡುಗಳು ಮೊದಲು, ಷೇರುಪೇಟೆ ಇಳಿದರೆ ಲಾಭ ಬರುವಂತೆ ಷೇರು ಸೂಚ್ಯಂಕದ ಫ್ಯೂಚರ್ಸ್ (ಮುಂದಿನ ದಿನಾಂಕದ ಒಪ್ಪಂದ) ಮಾರಿಟ್ಟುಕೊಂಡು, ಆಮೇಲೆ ಅಲ್ಲಿನ ಡಾಲರನ್ನು ರಾಶಿ ರಾಶಿಯಾಗಿ ಮಾರಿದವು. ವಿನಿಮಯ ದರವನ್ನು ಸ್ಥಿರವಾಗಿಡುವ ಅಲ್ಲಿನ ಕಟ್ಟಳೆಯಂತೆ ಆಗ ಹಣ ಬಿಗಿಯಾಗಿ ಬಡ್ಡಿ ತಾನಾಗಿಯೇ ಏರುತ್ತದೆ, ಬಡ್ಡಿ ಏರಿದರೆ ಷೇರು ಇಳಿಯುತ್ತದೆ. ವಿನಿಮಯ ದರ ಅಲುಗದಿದ್ದರೂ ಲಾಭ ಅವರದೇ. ಇದು ತೊಲೆ ತಟ್ಟಿ ನೋಡುವುದಲ್ಲ, ಮನೆ ಬೀಳಲೆಂದು ಪಣ ಕಟ್ಟಿ ಕಂಬಕ್ಕೆ ಗರಗಸ ಹಿಡಿಯುವುದು. ಸರ್ಕಾರ ಆಗಸ್ಟಿನ ಎರಡೇ ವಾರಗಳಲ್ಲಿ ಸುಮಾರು 11,800 ಕೋಟಿ ಹಾಂಗ್‌ಕಾಂಗ್ ಡಾಲರಿನ ಷೇರು ಕೊಂಡು ಅವರನ್ನು ತಡೆಯಿತು. ಮುಕ್ತ ಮಾರುಕಟ್ಟೆಯ ಹೆಸರಿನಲ್ಲಿ ಅದನ್ನು ಆಗ ಬೈದವರಲ್ಲಿ ನಾನೂ ಒಬ್ಬ, ಈಗ ಬೈಯಲಾರೆ.

ನನ್ನದೂ ಒಂದು ತಪ್ಪಿದೆ. ಬಾತ್ ಬಿದ್ದ ವರ್ಷದ ಚಳಿಗಾಲದಲ್ಲಿ ನಮ್ಮ ರೂಪಾಯಿಯೂ ಜಾರುತ್ತಿದ್ದಾಗ, ‘ನಾಳೆ ಡಾಲರು ನಲವತ್ತು ಮುಟ್ಟುತ್ತದಂತೆ’ ಎಂದು ದಲ್ಲಾಳಿಯೊಬ್ಬ ಫೋನಿನಲ್ಲಿ ಹೇಳಿದ್ದನ್ನು ನಾನು ವಿಚಾರಿಸದೆ ಇಬ್ಬರು ಆಮದುದಾರರಿಗೆ ದಾಟಿಸಿದೆ. ಗಾಬರಿಬಿದ್ದ ಅವರು ಅಂದೇ ದುಬಾರಿ ದರಕ್ಕೆ ಡಾಲರ್ ಕೊಂಡರು. ಹೇಳಿದವನು ಬೆಳಿಗ್ಗೆಯೇ ಕೊಂಡಿಟ್ಟುಕೊಂಡಿದ್ದನೆಂಬುದು ಸಂಜೆ ತಿಳಿಯಿತು. ನನಗೆ ಬಿಡಿಗಾಸಿನ ಲಾಭವಾಗಲಿಲ್ಲ, ಆದರೂ ಆ ಇಬ್ಬರ ಮುಖ ನೋಡಲು ಬಹಳ ದಿನ ಸಂಕೋಚವಾಗುತ್ತಿತ್ತು.

ಆದ್ದರಿಂದ ಮಾರು, ಬೇಡವೆನ್ನುವುದಿಲ್ಲ. ಆದರೆ ಮಾರಿಟ್ಟ ಮೇಲೆ ಅದರ ಬಗ್ಗೆ ಯಾರ ಕಿವಿಯಲ್ಲೂ ಏನನ್ನೂ ಊದಬೇಡ, ನಿನ್ನ ಒಂದು ಮಾರಾಟದಿಂದಲೇ ದರ ಕುಸಿಯುವಷ್ಟು ತೆಳುವಾದ ಪೇಟೆಯಲ್ಲಿ ಕೈಹಾಕಬೇಡ. ವದಂತಿಯ ವಿಷಯದಲ್ಲಿ ನಿಮ್ಮ ಕಚೇರಿಯ ನಿಯಮವೇನು, ಅದನ್ನು ಮೇಲಿನವರು ಪಾಲಿಸುತ್ತಾರೆಯೇ ಎಂಬುದನ್ನು ಮುಂದಿನ ಪತ್ರದಲ್ಲಿ ತಪ್ಪದೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ